ಖಾಲಿ ತೊಟ್ಟಿಲಿನ ಬಾಡಿಗೆ ಯಾರು ಕೊಡಬೇಕು?

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ ಅಥವಾ ಬೊಮ್ಮನಹಳ್ಳಿಯ ಒಳಗಲ್ಲಿಗಳಲ್ಲಿ ಒಮ್ಮೆ ನಡೆದು ನೋಡಬೇಕು. ವಠಾರದ ಒಂದು ಬಾಗಿಲ ಮುಂದೆ ಒಬ್ಬರ ಹಿಂದೊಬ್ಬರಂತೆ ಹೆಂಗಸರು ಬಂದು ನಿಲ್ಲುತ್ತಾರೆ. ಒಂದು ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಕೂಸು. ಕೂಸನ್ನೂ ಹಾಲಿನ ಬಾಟಲಿಯನ್ನೂ ಎರಡು ಜೊತೆ ಬಟ್ಟೆಯನ್ನೂ ಒಳಗಿದ್ದವಳ ಕೈಗಿತ್ತು, ತಿರುಗಿ ನೋಡದೆ ಗಾರ್ಮೆಂಟ್ಸ್ ಕಡೆಗೆ ಓಡುತ್ತಾರೆ. ತಿರುಗಿ ನೋಡಿದರೆ ಕೂಸು ಅಳುತ್ತದೆ. ತಡವಾದರೆ ಗೇಟು ಮುಚ್ಚುತ್ತದೆ. ಕೂಸನ್ನು ಇಸಿದುಕೊಂಡ ಆ ಹೆಂಗಸಿಗೆ ಪರವಾನಗಿಯಿಲ್ಲ, ತರಬೇತಿಯಿಲ್ಲ, ಬಾಗಿಲಿಗೆ ಬೋರ್ಡಿಲ್ಲ. ಮಕ್ಕಳಿಗೆ ಅವಳು ಅಜ್ಜಿ ಅಥವಾ ಆಂಟಿ. ಗಲ್ಲಿಯವರ ಮಾತಿನಲ್ಲಿ ಅವಳ ಮನೆ ‘ಬೇಬಿ ಸಿಟ್ಟಿಂಗ್’. ವಿದೇಶಗಳಿಗೆ ಹೋಗುವ ನಮ್ಮ ಅಂಗಿ, ಪ್ಯಾಂಟುಗಳ ಲೆಕ್ಕವನ್ನು ಸರ್ಕಾರ ಪ್ರತಿವರ್ಷ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆ ಅಂಗಿಗಳನ್ನು ಹೊಲಿಯುವವರ ಕೂಸುಗಳು ಹಗಲೆಲ್ಲ ಎಲ್ಲಿರುತ್ತವೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆ ಕೋಣೆಯಲ್ಲಿ ಎಷ್ಟು ಮಕ್ಕಳಿರಬೇಕು? ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಬೇರೆ ರೀತಿಯಲ್ಲಿ ಕೇಳಿ ನೋಡಿ. ಮೂಲೆಯಲ್ಲಿರುವ ಗ್ಯಾಸ್ ಸ್ಟೌಗೆ ಬೆಂಕಿ ಹೊತ್ತಿಕೊಂಡರೆ ಒಬ್ಬ ಹೆಂಗಸು ಎಷ್ಟು ಕೂಸುಗಳನ್ನು ಎತ್ತಿಕೊಂಡು ಹೊರಗೆ ಓಡಬಲ್ಲಳು? ನಡೆಯಲು ಬಾರದ ಎರಡು ಕೂಸುಗಳು, ಕೂಗಿದರೆ ಹಿಂದೆ ಓಡಿ ಬರಬಲ್ಲ ಒಂದಿಬ್ಬರು ದೊಡ್ಡ ಮಕ್ಕಳು. ಅಷ್ಟೇ. ಮಕ್ಕಳನ್ನು ನೋಡಿಕೊಳ್ಳುವವರಿಗೆ ಜಗತ್ತಿನ ನಾನಾ ದೇಶಗಳು ಸಂಖ್ಯೆಯ ಮಿತಿ ಹಾಕಿರುವುದರ ಹಿಂದೆ ಇರುವುದು ಈ ಸರಳ ಸತ್ಯ. ಅದನ್ನು ಯಾವುದೋ ಅಧಿಕಾರಿಯ ಕಾಗದದ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಮನುಷ್ಯರಿಗೆ ಎರಡೇ ಕೈಗಳಿವೆ ಎಂಬುದನ್ನು ಕಾನೂನು ಒಪ್ಪಿಕೊಂಡ ಬಗೆ ಅದು.

ಈಗ ಈ ಮಿತಿಗೆ ಎದುರಾಳಿಯಾಗಿ ಬಂದು ನಿಂತಿರುವುದು ಪಾಳಿ ಕೆಲಸ. ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಕರ್ನಾಟಕ ಸರ್ಕಾರ 2019ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ವಿಧಾನಮಂಡಲವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ತನಕ ದುಡಿಸಿಕೊಳ್ಳಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿಯ ಮಿತಿಯನ್ನು 145 ಗಂಟೆಗೆ ಏರಿಸಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ ಕಾರ್ಖಾನೆ ಕಾಯ್ದೆಯ ಜಾಗವನ್ನು ಪಡೆದುಕೊಂಡವು. ಮಹಿಳೆಯು ಒಪ್ಪಿದರೆ ಬೆಳಿಗ್ಗೆ ಆರರ ಮೊದಲೂ ರಾತ್ರಿ ಏಳರ ನಂತರವೂ ದುಡಿಯಬಹುದೆಂಬುದು ಈಗ ದೇಶದ ಕಾನೂನು.

ದುಡಿಯುವ ಅವಕಾಶ ಹೆಚ್ಚಿತು ಎಂಬುದರಲ್ಲಿ ತಕರಾರಿಲ್ಲ. ಈ ಕುರಿತು ಚರ್ಚೆ ನಡೆದಾಗಲೆಲ್ಲ ಬಸ್ಸು, ಬೀದಿದೀಪ, ಕ್ಯಾಮೆರಾ, ಭದ್ರತಾ ಸಿಬ್ಬಂದಿಯ ಬಗ್ಗೆ ಮಾತಾಡಲಾಯಿತು. ಅವೆಲ್ಲ ಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ತಾಯಿಯನ್ನು ಮನೆಗೆ ತಲುಪಿಸುವ ಬಸ್ಸಿನ ಬಗ್ಗೆ ಕೇಳಿದ ನಾವು, ರಾತ್ರಿ ಹನ್ನೊಂದರ ತನಕ ಅವಳ ಕೂಸು ಯಾರ ಮಡಿಲಲ್ಲಿರುತ್ತದೆ ಎಂದು ಎಷ್ಟು ಗಟ್ಟಿಯಾಗಿ ಕೇಳಿದೆವು?

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ಒಂದು ದೇಶ ಇಂಗ್ಲೆಂಡ್. ಅಲ್ಲಿನ ಸ್ಥಿತಿ ನಮಗೆ ದೂರದ ಕತೆಯಲ್ಲ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ನಮ್ಮ ಹೆಣ್ಣುಮಕ್ಕಳು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ದುಡಿಯುತ್ತಿದ್ದಾರೆ. ಅಲ್ಲಿ ತನ್ನ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವಳು ಹೆಸರು ನೋಂದಾಯಿಸಿಕೊಳ್ಳಬೇಕು, ತಪಾಸಣೆಗೆ ಒಳಪಡಬೇಕು. ಒಬ್ಬಳ ಬಳಿ ಒಮ್ಮೆಗೆ ಎಂಟು ವರ್ಷದೊಳಗಿನ ಆರಕ್ಕಿಂತ ಹೆಚ್ಚು ಮಕ್ಕಳಿರುವಂತಿಲ್ಲ. ಆ ಆರರಲ್ಲಿ ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಸಾಮಾನ್ಯವಾಗಿ ಮೂರೇ ಇರಬೇಕು. ಆ ಮೂರರಲ್ಲಿ ಒಂದು ವರ್ಷ ತುಂಬದ ಕೂಸು ಒಂದೇ. ಅವಳ ಸ್ವಂತ ಚಿಕ್ಕ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಾರೆ. ರಾತ್ರಿ ಮಕ್ಕಳನ್ನು ಮಲಗಿಸಿಕೊಂಡರೂ ಇದೇ ಲೆಕ್ಕ. ಕೂಸು ಅತ್ತರೆ ಅವಳಿಗೆ ಕೇಳಿಸುವಂತಿರಬೇಕು.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದರೊಳಗೆ ನರ್ಸ್ ಒಬ್ಬಳ ಡ್ಯೂಟಿ ಪಟ್ಟಿಯನ್ನು ಇಟ್ಟು ನೋಡಿ. ಅಲ್ಲಿನ ಆಸ್ಪತ್ರೆಗಳಲ್ಲಿ ಒಂದು ಪಾಳಿ ಹನ್ನೆರಡೂವರೆ ಗಂಟೆಯವರೆಗೆ ಹೋಗುವುದು ಸಾಮಾನ್ಯ. ಈ ವಾರ ಸೋಮವಾರ, ಗುರುವಾರ, ಶುಕ್ರವಾರವಾದರೆ ಮುಂದಿನ ವಾರ ಮಂಗಳವಾರ, ಶನಿವಾರ ಮತ್ತು ಎರಡು ರಾತ್ರಿ. ಮಗು ನೋಡಿಕೊಳ್ಳುವವಳ ಬಳಿ ಕೂಸಿಗಿರುವುದು ಒಂದೇ ಜಾಗ. ನರ್ಸ್ ಬರುವ ದಿನ ಯಾವುದೆಂದು ಮೊದಲೇ ತಿಳಿಯದಿದ್ದರೆ ಆ ಜಾಗವನ್ನು ಏಳೂ ದಿನ ಖಾಲಿ ಇಟ್ಟುಕೊಳ್ಳಬೇಕು. ಹಣ ಸಿಗುವುದು ಮೂರು ದಿನಕ್ಕೆ. ಅದೇ ಜಾಗಕ್ಕೆ ಸೋಮವಾರದಿಂದ ಶುಕ್ರವಾರದವರೆಗೆ ಒಂಬತ್ತರಿಂದ ಐದರ ಆಫೀಸಿಗೆ ಹೋಗುವ ತಾಯಿಯೊಬ್ಬಳು ಬಂದರೆ ಐದು ದಿನದ ಹಣ ಖಚಿತ. ನೀವೇ ಅವಳ ಜಾಗದಲ್ಲಿದ್ದರೆ ಯಾರ ಕೂಸನ್ನು ಒಪ್ಪಿಕೊಳ್ಳುತ್ತಿದ್ದಿರಿ? ಅವಳು ಕೆಟ್ಟವಳಲ್ಲ. ಅವಳಿಗೂ ಬಾಡಿಗೆ ಕಟ್ಟಬೇಕಿದೆ. ಆದ್ದರಿಂದ ಪಾಳಿಯಲ್ಲಿ ದುಡಿಯುವ ತಾಯಿಗೇ ಮೊದಲು ಬಾಗಿಲು ಮುಚ್ಚುತ್ತದೆ.

ನಮ್ಮ ನರ್ಸ್‌ಗಳ ಪಾಲಿಗೆ ಇನ್ನೊಂದು ಬಾಗಿಲೂ ಮುಚ್ಚಿದೆ. ದುಡಿಯುವ ತಂದೆ ತಾಯಿಗಳ ಮಕ್ಕಳಿಗೆ, ಒಂಬತ್ತು ತಿಂಗಳಿನಿಂದಲೇ, ಶಾಲಾ ಅವಧಿಯ ವಾರಗಳಲ್ಲಿ ವಾರಕ್ಕೆ 30 ಗಂಟೆಗಳ ಪಾಲನೆಯ ವೆಚ್ಚವನ್ನು ಸರ್ಕಾರ ಭರಿಸುವ ವ್ಯವಸ್ಥೆ ಇಂಗ್ಲೆಂಡಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಪೂರ್ಣವಾಗಿ ಜಾರಿಯಲ್ಲಿದೆ. ಆದರೆ ಸರ್ಕಾರಿ ನೆರವು ಪಡೆಯಬಾರದೆಂಬ ಷರತ್ತಿನ ವೀಸಾದಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರೆ ಅದು ಅವರಿಗೆ ಸಿಗುವುದಿಲ್ಲ. ಅಲ್ಲಿನ ವೃದ್ಧರ ಹಾಸಿಗೆಯ ಪಕ್ಕ ರಾತ್ರಿಯಿಡೀ ಎಚ್ಚರವಿರುವವಳ ಕೂಸಿನ ಪಕ್ಕ ಎಚ್ಚರವಿರುವವರ ಖರ್ಚನ್ನು ಅವಳೇ ಭರಿಸಬೇಕು. ಇದು ನ್ಯಾಯವೇ?

ಈ ಬಿಕ್ಕಟ್ಟಿಗೆ ಅಲ್ಲಿನ ಸರ್ಕಾರ ಹುಡುಕಿದ ಪರಿಹಾರವೇನು? ಮಿತಿಯನ್ನು ಸಡಿಲಿಸುವುದು. ಎರಡು ವರ್ಷದ ಮಕ್ಕಳ ವಿಷಯದಲ್ಲಿ ನರ್ಸರಿಗಳಲ್ಲಿ ಒಬ್ಬ ಸಿಬ್ಬಂದಿಗೆ ನಾಲ್ವರು ಇದ್ದದ್ದನ್ನು 2023ರ ಸೆಪ್ಟೆಂಬರ್‌ನಲ್ಲಿ ಐವರಿಗೆ ಏರಿಸಲಾಯಿತು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಒಡಹುಟ್ಟಿದ ಮಕ್ಕಳನ್ನು ಅಥವಾ ಸ್ವಂತ ಕೂಸನ್ನು ಸೇರಿಸಿಕೊಳ್ಳುವಾಗ ಮಿತಿ ಮೀರಬಹುದೆಂದು ಅದೇ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಲಾಯಿತು. ಒಡಹುಟ್ಟಿದವರನ್ನು ಅಗಲಿಸಬಾರದೆಂಬುದು ಮಾನವೀಯವೇ. ಆದರೆ ಪಾಳಿಯ ಸಮಸ್ಯೆ ಇದರಿಂದ ಬಗೆಹರಿಯಿತೇ? ಈ ಸಡಿಲಿಕೆಗಳಿಗೆ ಮೊದಲೇ, 2012ರಿಂದ 2023ರೊಳಗೆ, ಈ ಕೆಲಸದಲ್ಲಿದ್ದವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಖಾಲಿ ಇಡಬೇಕಾದ ಜಾಗಕ್ಕೆ ಯಾರೂ ಹಣ ಕೊಡದಿದ್ದರೆ, ಇನ್ನೊಂದು ಕೂಸನ್ನು ಸೇರಿಸಿಕೊಳ್ಳಿ ಎನ್ನುವುದು ಪರಿಹಾರವಲ್ಲ. ಅದು ಸಮಸ್ಯೆಯನ್ನು ಕೂಸಿನ ಮೇಲೆ ಹೊರಿಸಿದ ಹಾಗೆ.

ಇನ್ನು ನಮ್ಮಲ್ಲಿಗೆ ಬರೋಣ. ಇಂಗ್ಲೆಂಡಿನಲ್ಲಿ ನಿಯಮವಿದೆ, ಜಾಗವಿಲ್ಲ. ಇಲ್ಲಿ ಜಾಗವಿದೆ, ನಿಯಮವಿಲ್ಲ. ವಠಾರದ ಅಜ್ಜಿ ಯಾರಿಗೂ ಇಲ್ಲವೆನ್ನುವುದಿಲ್ಲ. ತಲೆಗಿಷ್ಟು ಎಂದು ತಿಂಗಳಿಗೆ ಸಿಗುವ ಹಣ ಎಷ್ಟು ಕಡಿಮೆಯೆಂದರೆ, ಮೂರು ಮಕ್ಕಳಿಂದ ಅವಳ ಮನೆ ನಡೆಯುವುದಿಲ್ಲ. ಆದ್ದರಿಂದ ಮೂರಿರಬೇಕಾದಲ್ಲಿ ಏಳಾಗುತ್ತದೆ, ಹಬ್ಬದ ಮುಂಚಿನ ಓಟಿಯ ದಿನಗಳಲ್ಲಿ ಒಂಬತ್ತಾಗುತ್ತದೆ. ಅಲ್ಲಿ ಕೂಸು ಬಾಗಿಲ ಹೊರಗೆ ಉಳಿಯುತ್ತದೆ, ಇಲ್ಲಿ ಒಳಗೆ ತುರುಕಲ್ಪಡುತ್ತದೆ. ಎರಡೂ ಕಡೆ ಪಾಳಿ ಹಾಕಿದವನು ನಿಶ್ಚಿಂತನಾಗಿರುತ್ತಾನೆ.

ಸರ್ಕಾರಿ ವ್ಯವಸ್ಥೆಗಳಿಲ್ಲವೆಂದಲ್ಲ. ರಾಜ್ಯದ ಮೊದಲ ಅಂಗನವಾಡಿ ಯೋಜನೆ ಟಿ. ನರಸೀಪುರದಲ್ಲಿ ಆರಂಭವಾದದ್ದು 1975ರಲ್ಲಿ. ಐವತ್ತು ವರ್ಷ ಕಳೆದವು. ಆದರೆ ಅಂಗನವಾಡಿಯ ಹೊತ್ತು ಮಧ್ಯಾಹ್ನಕ್ಕೋ ಸಂಜೆ ನಾಲ್ಕಕ್ಕೋ ಮುಗಿಯುತ್ತದೆ. ಕೇಂದ್ರದ ಶಿಶುಪಾಲನಾ ಯೋಜನೆಯಲ್ಲಿ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ. ಕೇಂದ್ರ ತೆರೆದಿರಬೇಕಾದದ್ದು ದಿನಕ್ಕೆ ಏಳೂವರೆ ಗಂಟೆ. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ತೆರೆಯತೊಡಗಿದ ‘ಕೂಸಿನ ಮನೆ’ಗಳು ಒಳ್ಳೆಯ ಹೆಜ್ಜೆಯೇ, ಆದರೆ ಅವು ಉದ್ಯೋಗ ಖಾತ್ರಿಯ ಹಗಲು ಕೂಲಿಯನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಒಂದು ಕೈಯಿಂದ ತಾಯಿಗೆ ಹನ್ನೆರಡು ಗಂಟೆಯ ಪಾಳಿಯ ದಾರಿ ತೋರಿದ ವ್ಯವಸ್ಥೆ, ಇನ್ನೊಂದು ಕೈಯಿಂದ ಅವಳ ಕೂಸಿಗೆ ಏಳೂವರೆ ಗಂಟೆಯನ್ನು ಅಳೆದುಕೊಟ್ಟಿತು. ಉಳಿದ ನಾಲ್ಕೂವರೆ ಗಂಟೆ, ಹೋಗಿ ಬರುವ ಎರಡು ಗಂಟೆ ಕೂಸು ಎಲ್ಲಿರಬೇಕು? ಈ ಲೆಕ್ಕವನ್ನು ಮೂರನೇ ತರಗತಿಯ ಮಗುವೂ ಮಾಡಬಲ್ಲದು.

ಕಾರ್ಖಾನೆಯ ಒಳಗಿನ ಶಿಶುಪಾಲನಾ ಕೇಂದ್ರದ ಕತೆಯೂ ಭಿನ್ನವಲ್ಲ. ಹಳೆಯ ಕಾರ್ಖಾನೆ ಕಾಯ್ದೆಯ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 26 ವಾರಗಳ ರಜೆ ಕೊಟ್ಟಿತು; 50 ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನೂ, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿ ಬರುವ ಅವಕಾಶವನ್ನೂ ಕಡ್ಡಾಯಗೊಳಿಸಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆ ಈ ಐವತ್ತರ ಲೆಕ್ಕವನ್ನೇ ಮುಂದುವರಿಸಿದೆ. ಹೆಣ್ಣು ಗಂಡೆಂಬ ಭೇದವಿಲ್ಲದೆ ನೌಕರರನ್ನು ಎಣಿಸುವುದು ಸ್ವಾಗತಾರ್ಹ. ಕೂಸು ತಾಯಿಯೊಬ್ಬಳದ್ದಲ್ಲ ಎಂದು ಕಾನೂನು ಕೊನೆಗೂ ಒಪ್ಪಿತು. ಆದರೆ ಮೂವತ್ತೈದು ಹೆಂಗಸರೇ ಇರುವ ಸಣ್ಣ ಹೊಲಿಗೆ ಘಟಕವೊಂದು ಹಳೆಯ ಲೆಕ್ಕದಲ್ಲಿ ಒಳಗಿತ್ತು, ಹೊಸ ಲೆಕ್ಕದಲ್ಲಿ ಹೊರಗುಳಿಯಿತು. ಮುಖ್ಯವಾಗಿ, ಕೋಣೆಯಿದ್ದರೆ ಸಾಲದು. ಕಿಕ್ಕಿರಿದ ಬಸ್ಸಿನಲ್ಲಿ ಒಂದು ಗಂಟೆ ಪ್ರಯಾಣಿಸುವ ತಾಯಿ ಆರು ತಿಂಗಳ ಕೂಸನ್ನು ಕಾರ್ಖಾನೆಯ ತನಕ ಹೇಗೆ ತರುತ್ತಾಳೆ? ಆದ್ದರಿಂದಲೇ ಅವಳು ಮತ್ತೆ ಗಲ್ಲಿಯ ಅಜ್ಜಿಯ ಬಾಗಿಲಿಗೇ ಬರುತ್ತಾಳೆ.

ಆ ಬಾಗಿಲಲ್ಲಿ ಪಾಳಿ ಬದಲಾಗುವ ಹೊತ್ತನ್ನು ಗಮನಿಸಿ. ಒಬ್ಬಳದ್ದು ಬೆಳಿಗ್ಗೆ ಆರರಿಂದ ಎರಡು, ಇನ್ನೊಬ್ಬಳದ್ದು ಎರಡರಿಂದ ಹತ್ತು. ಒಂದೇ ತೊಟ್ಟಿಲು ಇಬ್ಬರ ಕೂಸಿಗೂ ಸಾಕಾಗಬೇಕು. ಕಾಗದದ ಮೇಲೆ ಮಿತಿ ಮೀರುವುದೇ ಇಲ್ಲ. ಆದರೆ ಎರಡಕ್ಕೆ ಗೇಟಿನೊಳಗಿರಬೇಕಾದವಳು ಒಂದೂಕಾಲಿಗೇ ಕೂಸನ್ನು ಬಿಡುತ್ತಾಳೆ. ಎರಡಕ್ಕೆ ಬಿಡಬೇಕಾದವಳನ್ನು ಸೂಪರ್‌ವೈಸರ್ ‘ಟಾರ್ಗೆಟ್ ಮುಗಿದಿಲ್ಲ’ ಎಂದು ಮೂರರ ತನಕ ನಿಲ್ಲಿಸುತ್ತಾನೆ. ಎರಡು ಗಂಟೆಗಳ ಕಾಲ ಒಂದು ತೊಟ್ಟಿಲಿಗೆ ಎರಡು ಕೂಸು. ಮಿತಿ ಮುರಿದದ್ದು ಯಾರು? ಅಜ್ಜಿಯೇ? ತಾಯಿಯೇ? ನಾಳೆ ಏನಾದರೂ ಅನಾಹುತವಾದರೆ ಪೊಲೀಸರು ಹುಡುಕಿ ಬರುವುದು ಅಜ್ಜಿಯನ್ನು, ಊರು ಶಪಿಸುವುದು ತಾಯಿಯನ್ನು. ಒಂದು ಗಂಟೆಯ ಹೆಚ್ಚುವರಿ ಹೊಲಿಗೆಯ ಲಾಭ ತೆಗೆದುಕೊಂಡವನ ಹೆಸರು ಎಲ್ಲೂ ಬರುವುದಿಲ್ಲ.

ಇಲ್ಲಿ ಎರಡು ಬಗೆಯ ಆಕ್ಷೇಪಗಳು ಏಳುತ್ತವೆ.

ಮೊದಲನೆಯದು: “ಹೆತ್ತವಳು ಮನೆಯಲ್ಲಿರಲಿ. ಕೂಸನ್ನು ಬಿಟ್ಟು ದುಡಿಯುವ ಗತಿ ಏನು ಬಂದಿದೆ?” ಇದನ್ನು ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಗಂಡ ಬಿಟ್ಟುಹೋದವಳಿಗೆ, ಗಂಡನ ಆಟೋ ಬಾಡಿಗೆಯಲ್ಲಿ ಮನೆ ಬಾಡಿಗೆಯೂ ಹುಟ್ಟದವಳಿಗೆ, ವಿಧವೆಗೆ ಈ ಉಪದೇಶದಿಂದ ಏನಾಗಬೇಕು? ತಮ್ಮ ಹೆಂಡತಿಗೆ ಹೆರಿಗೆ ನೋವು ಬಂದಾಗ ರಾತ್ರಿ ಎರಡು ಗಂಟೆಗೆ ಲೇಡಿ ಡಾಕ್ಟರೇ ಬರಬೇಕು, ನರ್ಸೇ ಕೈ ಹಿಡಿಯಬೇಕು ಎನ್ನುವವರೂ ಇವರೇ. ಆ ನರ್ಸಿನ ಮನೆಯಲ್ಲೂ ತೊಟ್ಟಿಲಿದೆ ಎಂಬುದು ಇವರಿಗೆ ಹೊಳೆಯುವುದಿಲ್ಲ. ಇನ್ನು ಕೂಸಿಗೆ ತಂದೆಯೂ ಇದ್ದಾನೆ, ಅವನ ಪಾಳಿಯ ಬಗ್ಗೆ ಯಾಕೆ ಯಾರೂ ಕೇಳುವುದಿಲ್ಲ ಎಂಬುದು ಇನ್ನೊಂದು ಮಾತು.

ಎರಡನೆಯದು: “ನಮ್ಮ ಅಜ್ಜಿ ಹತ್ತು ಮಕ್ಕಳನ್ನು ಸಾಕಿದ್ದರು. ಮೂರಕ್ಕೆ ನಾಲ್ಕು ಸೇರಿದರೆ ಏನು ಮಹಾ?” ಅಜ್ಜಿ ಸಾಕಿದ್ದು ನಿಜ. ಆದರೆ ಆ ಮನೆಯಲ್ಲಿ ಅತ್ತೆ, ನಾದಿನಿ, ಚಿಕ್ಕಮ್ಮ, ಪಕ್ಕದ ಮನೆಯವರು ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಹಿರಿಯ ಮಗಳಿದ್ದಳು. ಒಂಬತ್ತು ವರ್ಷದ ಆ ಹುಡುಗಿಯ ಸೊಂಟದ ಮೇಲೆ ತಮ್ಮನೊಬ್ಬ ಯಾವಾಗಲೂ ಕುಳಿತಿರುತ್ತಿದ್ದ. ಅವಳ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಹತ್ತು ಮಕ್ಕಳನ್ನು ಸಾಕಿದ ಅಜ್ಜಿಯ ಕೀರ್ತಿಯಲ್ಲಿ ಈ ಹುಡುಗಿಯ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಹುಡುಗಿ ಹಳೆಯ ಕಾಲದವಳೆಂದು ಸಮಾಧಾನಪಡಬೇಡಿ. ತಾಯಿ ಎರಡನೇ ಪಾಳಿಗೆ ಹೋದ ದಿನ, ಅಜ್ಜಿಯ ಬಾಗಿಲು ಸಂಜೆ ಆರಕ್ಕೆ ಮುಚ್ಚಿದ ಮೇಲೆ ಕೂಸನ್ನು ಎತ್ತಿಕೊಳ್ಳುವವಳು ಇಂದಿಗೂ ಅವಳೇ. ಹೋಂವರ್ಕ್ ಮಾಡುವ ಹೊತ್ತಿನಲ್ಲಿ ಹಾಲು ಕಾಯಿಸುತ್ತಾಳೆ. ಪರೀಕ್ಷೆಯ ದಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲೇ ಉಳಿಯುತ್ತಾಳೆ. ನಮ್ಮ ಮೊಹಲ್ಲಾಗಳಲ್ಲಿ, ಕೇರಿಗಳಲ್ಲಿ, ಕಾಲನಿಗಳಲ್ಲಿ ಹೆಣ್ಣುಮಕ್ಕಳು ಶಾಲೆ ಬಿಡುವುದಕ್ಕೆ ನಾವು ನೂರು ಕಾರಣ ಹುಡುಕುತ್ತೇವೆ, ವಿಚಾರಗೋಷ್ಠಿ ನಡೆಸುತ್ತೇವೆ. ತಮ್ಮನ ತೊಟ್ಟಿಲೂ ಒಂದು ಕಾರಣವೆಂದು ಎಷ್ಟು ಗೋಷ್ಠಿಗಳಲ್ಲಿ ಹೇಳಿದ್ದೇವೆ? ಯಾವ ಕಾನೂನಿನ ಲೆಕ್ಕಕ್ಕೂ ಸಿಗದ, ಸಂಬಳವಿಲ್ಲದ ಶಿಶುಪಾಲಕಿ ಅವಳು. ಮಿತಿಯನ್ನು ಕಟ್ಟುನಿಟ್ಟು ಮಾಡಿ ಹಣದ ವ್ಯವಸ್ಥೆ ಮಾಡದಿದ್ದರೂ, ಹಣ ಉಳಿಸಲು ಮಿತಿಯನ್ನು ಸಡಿಲಿಸಿದರೂ, ಕೊನೆಯ ಭಾರ ಬಂದು ಬೀಳುವುದು ಅವಳ ಸೊಂಟದ ಮೇಲೆಯೇ.

ಹಾಗಾದರೆ ಏನು ಮಾಡಬೇಕು? ನನ್ನ ವಾದ ಒಂದೇ. ಕೂಸುಗಳ ಸಂಖ್ಯೆಯ ಮಿತಿ ಬಗ್ಗಬಾರದು. ಬಗ್ಗಬೇಕಾದದ್ದು ಪಾಳಿ ಮತ್ತು ಹಣದ ಚೀಲ. ಪಾಳಿಯನ್ನು ಯಾರು ತಮ್ಮ ಲಾಭಕ್ಕಾಗಿ ಬದಲಿಸುತ್ತಾರೋ, ಖಾಲಿ ತೊಟ್ಟಿಲಿನ ಬಾಡಿಗೆಯನ್ನು ಅವರೇ ಕೊಡಬೇಕು. ಕಾರ್ಖಾನೆ ಮಾಲೀಕನು ಯಂತ್ರ ಓಡದ ಹೊತ್ತಿನಲ್ಲೂ ಕಟ್ಟಡಕ್ಕೆ ಬಾಡಿಗೆ ಕಟ್ಟುತ್ತಾನಲ್ಲವೇ? ಬೆಂಕಿ ಬೀಳದಿದ್ದರೂ ವಿಮೆಯ ಕಂತು ಕಟ್ಟುತ್ತಾನಲ್ಲವೇ? ಕೂಸಿನ ಜಾಗವನ್ನು ಕಾದಿರಿಸುವುದೂ ಹಾಗೆಯೇ ಉತ್ಪಾದನೆಯ ಖರ್ಚು. ಗಂಟೆ ಲೆಕ್ಕದಲ್ಲಿ ಕೊಡುವುದಲ್ಲ, ತೊಟ್ಟಿಲಿನ ಲೆಕ್ಕದಲ್ಲಿ ಇಡೀ ತಿಂಗಳಿಗೆ ಕೊಡಬೇಕು.

ಇದನ್ನು ಮಾಡಲು ಸ್ವರ್ಗವನ್ನು ಭೂಮಿಗೆ ಇಳಿಸಬೇಕಿಲ್ಲ. ಹಲವು ಸಂಸ್ಥೆಗಳು ಸೇರಿ ಒಂದೇ ಸಾಮಾನ್ಯ ಶಿಶುಪಾಲನಾ ಕೇಂದ್ರವನ್ನು ನಡೆಸಲು ಸಾಮಾಜಿಕ ಭದ್ರತಾ ಸಂಹಿತೆಯಲ್ಲೇ ಅವಕಾಶವಿದೆ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಒಟ್ಟಾಗಿ ಹಣ ಹಾಕಲಿ. ಕೇಂದ್ರ ಕಾರ್ಖಾನೆಯೊಳಗಲ್ಲ, ಕಾರ್ಮಿಕರು ವಾಸಿಸುವ ಗಲ್ಲಿಯಲ್ಲಿರಲಿ. ಕೊನೆಯ ಪಾಳಿಯ ಕೊನೆಯ ತಾಯಿ ಬಂದು ಕೂಸನ್ನು ಎತ್ತಿಕೊಳ್ಳುವ ತನಕ ತೆರೆದಿರಲಿ. ತಿಂಗಳ ಡ್ಯೂಟಿ ಪಟ್ಟಿಯನ್ನು ಹದಿನೈದು ದಿನ ಮೊದಲೇ ಕೊಡಲಿ. ಆ ದಿನವೇ ಓಟಿಗೆ ನಿಲ್ಲಿಸಿದರೆ ಕೂಸನ್ನು ನೋಡಿಕೊಳ್ಳುವವಳಿಗೂ ಓಟಿ ಸಲ್ಲಲಿ. ವಠಾರದ ಅಜ್ಜಿಯನ್ನು ಅಪರಾಧಿಯಂತೆ ಓಡಿಸದೆ, ವಾರ್ಡ್ ಮಟ್ಟದಲ್ಲಿ ಹೆಸರು ಬರೆಸಿಕೊಂಡು ತರಬೇತಿ ಕೊಡಲಿ. ಮೂರು ವರ್ಷದೊಳಗಿನ ಮೂರೇ ಮಕ್ಕಳು, ಆ ಮೂರು ಮಕ್ಕಳಿಂದಲೇ ಅವಳ ಮನೆ ನಡೆಯುವಷ್ಟು ಸಂಬಳ ಎಂದು ನಿಗದಿಯಾಗಲಿ. ಅಹಮದಾಬಾದಿನ ಸೇವಾ ಸಂಘಟನೆಯ ಬಡ ದುಡಿಯುವ ಹೆಂಗಸರು ‘ಸಂಗಿನಿ’ ಎಂಬ ಶಿಶುಪಾಲನಾ ಸಹಕಾರ ಸಂಘವನ್ನೇ ಕಟ್ಟಿಕೊಂಡಿದ್ದಾರೆ. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ 1969ರಲ್ಲೇ ದೆಹಲಿಯಲ್ಲಿ ‘ಮೊಬೈಲ್ ಕ್ರೆಶಸ್’ ಆರಂಭವಾಗಿತ್ತು. ದಾರಿ ಇದೆ, ನಡೆಯುವ ಮನಸ್ಸಿಲ್ಲ.

ಸರ್ಕಾರ ಕೇಳುವುದಿಲ್ಲವೆಂದು ಕೈಚೆಲ್ಲುವವರು 2016ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಲಿ. ಭವಿಷ್ಯನಿಧಿ ಹಣ ತೆಗೆಯುವ ನಿಯಮ ಬದಲಾದಾಗ ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು, ನಗರವನ್ನು ನಿಲ್ಲಿಸಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ತಮ್ಮ ಉಳಿತಾಯಕ್ಕಾಗಿ ಗೆದ್ದವರು ತಮ್ಮ ಕೂಸುಗಳಿಗಾಗಿ ಗೆಲ್ಲಲಾರರೇ?

ಕೊನೆಗೆ ನಮ್ಮ ಬಗ್ಗೆಯೂ ಒಂದು ಮಾತು. ಸರ್ಕಾರವನ್ನೂ ಮಾಲೀಕರನ್ನೂ ದೂರಿ ಲೇಖನ ಮುಗಿಸುವುದು ಸುಲಭ. ಆದರೆ ಎಲ್ಲ ಸಮುದಾಯಗಳೂ ತಮ್ಮ ತಮ್ಮ ಹೆಸರಿನಲ್ಲಿ ಆಸ್ಪತ್ರೆಗಳನ್ನೂ ಶಾಲೆಗಳನ್ನೂ ನಡೆಸುತ್ತಿವೆ. ಅಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್, ಆಯಾಗಳ ಮಕ್ಕಳಿಗೆ ಒಂದು ಕೋಣೆಯಿದೆಯೇ? ನಮ್ಮ ಊರೂರುಗಳಲ್ಲಿ ಶಾದಿ ಮಹಲ್‌ಗಳಿವೆ, ಕಲ್ಯಾಣ ಮಂಟಪಗಳಿವೆ, ಚರ್ಚ್ ಹಾಲ್‌ಗಳಿವೆ. ಮದುವೆಯಿಲ್ಲದ ದಿನಗಳಲ್ಲಿ ಫ್ಯಾನು, ನೀರು, ಕಾಂಪೌಂಡು ಎಲ್ಲ ಇದ್ದೂ ಬೀಗ ಹಾಕಿಕೊಂಡು ಕುಳಿತಿರುತ್ತವೆ. ಅದೇ ಬೀದಿಯ ಹತ್ತಡಿ ಕೋಣೆಯಲ್ಲಿ ಒಬ್ಬ ಅಜ್ಜಿ ಏಳು ಮಕ್ಕಳ ನಡುವೆ ಸ್ಟೌ ಹಚ್ಚುತ್ತಿರುತ್ತಾಳೆ. ಆ ಬೀಗ ತೆಗೆಯಲು ಯಾವ ಸಂಹಿತೆಯೂ ಜಾರಿಗೆ ಬರಬೇಕಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಮೆಲ್ಲನೆ ಬಾಗಿಲು ತಟ್ಟುತ್ತಾಳೆ. ಒಳಗಿಂದ ನಿದ್ದೆಗಣ್ಣಿನ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಚಿಲಕ ತೆಗೆಯುತ್ತಾಳೆ. ನಾಳೆ ಬೆಳಿಗ್ಗೆ ಅವಳಿಗೆ ಶಾಲೆಯಿದೆ. ಪಾಳಿಯ ಬಗ್ಗೆ ಮಾತಾಡುವವರೆಲ್ಲ ಮೊದಲು ಉತ್ತರಿಸಬೇಕಾದದ್ದು ಅವಳಿಗೆ.